ನಿಂತವರ ನೆಂಟಸ್ತಿಕೆ

ಲ್ಯಾಟಿನ್ನಿನಲ್ಲಿ 'ರೆಸಿಸ್ತೆರೆ' ಎಂಬೊಂದು ಕ್ರಿಯಾಪದವಿದೆ. ಪ್ರತಿರೋಧಿಸು ಎಂದು ಅರ್ಥ ಹೇಳಿದೊಡನೆ ಕತ್ತಿ, ಗುರಾಣಿ, ಘೋಷಣೆ ಎಲ್ಲ ಕಣ್ಣಮುಂದೆ ಮೆರವಣಿಗೆ ಹೊರಡುತ್ತವೆ. ಬಿಡಿಸಿ ನೋಡಿದರೋ ಒಳಗಿರುವುದು ಬರೀ ನಿಲ್ಲುವುದು. ಓಡುತ್ತಿದ್ದವನು ಕಾಲೂರಿದ, ಅಷ್ಟೆ. ನೆರೆಯ ಸಬೈನರೆದುರು ಕಾಲಿಗೆ ಬುದ್ಧಿ ಹೇಳಿದ ತನ್ನ ಸೈನಿಕರನ್ನು ನಿಲ್ಲಿಸಿಕೊಟ್ಟರೆ ಗುಡಿ ಕಟ್ಟಿಸುತ್ತೇನೆಂದು ರೋಮಿನ ಮೊದಲ ದೊರೆ ರೊಮುಲಸ್ ಜುಪಿಟರನಿಗೆ ಹರಕೆ ಹೊತ್ತ ಕಥೆಯಲ್ಲಿ ಇತಿಹಾಸಕಾರ ಲಿವಿ ಬಳಸುವುದು ಈ ಕ್ರಿಯಾಪದವನ್ನೇ. ಸೈನಿಕರು ನಿಂತರು, ದೇವರಿಗೆ 'ಸ್ತಾತೋರ್', ಎಂದರೆ ನಿಲ್ಲಿಸುವವನು, ಎಂಬ ಬಿರುದಾಯಿತು. (ನಮ್ಮೂರ ಬಸ್ಸುಗಳಿಗೂ ಇಂಥ ದೇವರೊಬ್ಬ ಬೇಕಿತ್ತು.) ಕ್ರಿ.ಪೂ. 63ರಲ್ಲಿ ವಾಗ್ಮಿ ಸಿಸೆರೊ ಪಿತೂರಿಗಾರ ಕ್ಯಾಟಿಲೈನನ ಮೇಲೆ ಮೊದಲ ಸಲ ಹರಿಹಾಯ್ದದ್ದೂ ಈ ದೇವರ ಗುಡಿಯಲ್ಲೇ.

ಆ ಪದದ ಹೊಟ್ಟೆಯೊಳಗಿನ 'ಸಿಸ್ತೆರೆ' ಇದೆಯಲ್ಲ, ಅದು ಸಂಸ್ಕೃತದ 'ತಿಷ್ಠತಿ'ಗೆ ಖಾಸಾ ಒಡಹುಟ್ಟು. ಗ್ರೀಕಿನ 'ಹಿಸ್ತೇಮಿ' ಮೂರನೆಯದು. ಮೂರೂ ಮೊದಲಕ್ಷರ ಬರುವಾಗ ಕೊಂಚ ತೊದಲುತ್ತವೆ. ಚಿಕ್ಕಂದಿನಲ್ಲಿ ನಾನು 'ಸ್ಥಾ' ಧಾತು ಇದ್ದಕ್ಕಿದ್ದಂತೆ 'ತಿಷ್ಠ' ಏಕಾಗುತ್ತದೆಂದು ಸಂಸ್ಕೃತದ ಮೇಷ್ಟ್ರನ್ನು ಕೇಳಿದೆ. ಪಾಣಿನಿಯ ಆದೇಶ, ಎಂದರು. ಪಾಣಿನಿ ಯಾಕೆ ಹಾಗೆ ಆದೇಶ ಹೊರಡಿಸಿದ ಎಂದು ಮತ್ತೆ ಕೇಳಿದ್ದಕ್ಕೆ ಬಾಗಿಲಾಚೆ ನಿಲ್ಲಿಸಿದರು. ಧಾತ್ವರ್ಥ ತಲೆಗೆ ಹತ್ತದಿದ್ದರೂ ಮಂಡಿಗಂತೂ ಇಳಿಯಿತು.

ಇದೇ ಧಾತುವಿಗೆ 'ಪ್ರತಿ' ಹಚ್ಚಿದರೆ ರೋಮಿನವರಂತೆ ನಮಗೂ ಪ್ರತಿರೋಧ ದಕ್ಕಬೇಕಿತ್ತು, ದಕ್ಕಿದ್ದು ಪ್ರತಿಷ್ಠೆ! ಬದುವಿನ ಜಗಳದಲ್ಲಿ ಒಂದು ಗೇಣು ನೆಲಕ್ಕೆ ಎರಡು ತಲೆಮಾರು ಕೋರ್ಟು ಅಲೆಯುವವರನ್ನು ಕಂಡವರಿಗೆ ಇವೆರಡರ ನಡುವೆ ಬಹಳ ಅಂತರವಿಲ್ಲವೆಂದು ಗೊತ್ತು. ಜರ್ಮನ್ನರ 'ವಿಡರ್‌ಸ್ಟಾಂಡ್' ಮಾತ್ರ ಅಪ್ಪಟ ಎದುರು ನಿಲ್ಲುವಿಕೆ. ಕನ್ನಡದ 'ನಿಲ್ಲು' ದ್ರಾವಿಡ ಮನೆಯ ಮಗಳು, ಆ ಬಳಗಕ್ಕೆ ರಕ್ತಸಂಬಂಧವಿಲ್ಲ. ಆದರೂ ಯಾರನ್ನೂ ಕೇಳದೆ 'ಎದುರು ನಿಲ್ಲು' ಎಂದು ತಾನೇ ಕಟ್ಟಿಕೊಂಡಿತು.

ಮೋಜಿರುವುದು ಇಂಗ್ಲಿಷಿನ ಮೂಲಕ ನಮ್ಮೂರಿಗೆ ಬಂದಿಳಿದ ದಾಯಾದಿಗಳಲ್ಲಿ. ಚಳವಳಿಗಾರ ರೆಸಿಸ್ಟ್ ಮಾಡುತ್ತಾನೆ, ಕಾನ್‌ಸ್ಟೇಬಲ್ ಅರೆಸ್ಟ್ ಮಾಡಿ ಸ್ಟೇಷನ್ನಿಗೆ ಒಯ್ಯುತ್ತಾನೆ, ವಕೀಲರು ಓಡಿ ಸ್ಟೇ ತರುತ್ತಾರೆ. ಈ ಇಂಗ್ಲಿಷ್ ಮಾತುಗಳೆಲ್ಲ ಆ ನಿಲ್ಲುವ ಧಾತುವಿನ ಸಂತಾನ. ಕಾನ್‌ಸ್ಟೇಬಲ್ ಮೂಲದಲ್ಲಿ ಕುದುರೆ ನಿಲ್ಲುವ ಲಾಯದ ಅಧಿಪತಿ! ವಕೀಲರು ಅರಬ್ಬಿ ಕಡೆಯವರು, ಪಾಲು ಕೇಳುವಂತಿಲ್ಲ. ಜೀಪು ಓಡಿಸುವ ಡ್ರೈವರಂತೂ, ಕಸುಬಿಗೆ ತಕ್ಕಂತೆ, ಆ ಮನೆತನದವನೇ ಅಲ್ಲ.