ಕರಿಗಿರಿಯಲ್ಲಿ ನಾರಸಿಂಹಿ

ತುಮಕೂರು ದಾಟಿ ನಾಮದ ಚಿಲುಮೆ ತಲುಪುವಷ್ಟರಲ್ಲಿ ಬಿಸಿಲು ಹಿಂದುಳಿದು ಕಾಡಿನ ನೆರಳು ಹಿಡಿದಿತ್ತು. ಬಂಡೆಯೊಳಗಿಂದ ಜಿನುಗುವ ನೀರನ್ನು ಬೊಗಸೆಯೊಡ್ಡಿ ಹಿಡಿದೆವು. ವನವಾಸದಲ್ಲಿದ್ದ ರಾಮ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಾಣ ಹೂಡಿದ ಜಾಗವಂತೆ. ಅಲ್ಲಿಂದ ಮುಂದೆ ತಿರುವಿನ ಮೇಲೆ ತಿರುವು. ಕೊನೆಗೆ ಕರಿಗಿರಿ, ಅಂದರೆ ನಮ್ಮ ದೇವರಾಯನದುರ್ಗ. ಎತ್ತರ ಸುಮಾರು 3,940 ಅಡಿ.

ಬುಡದಲ್ಲಿ ಭೋಗ ನರಸಿಂಹ, ನೆತ್ತಿಯ ಕಡೆ ಯೋಗ ನರಸಿಂಹ. ಹಿರಣ್ಯಕಶಿಪುವಿನ ಕರುಳು ಬಗೆದ ದೇವರು ಕೆಳಗೆ ಸಂಸಾರಿ, ಮೇಲೆ ತಪಸ್ವಿ! ಮೆಟ್ಟಿಲು ಹತ್ತುವಾಗ ಕೋತಿಯೊಂದು ಮುಂದಿದ್ದ ಅಜ್ಜಿಯ ಚೀಲಕ್ಕೆ ಕೈಹಾಕಿ ತೆಂಗಿನ ಹೋಳು ಎಳೆದುಕೊಂಡಿತು. "ತಗೊಳಪ್ಪ, ನಿಂದೇ ಪ್ರಸಾದ" ಎಂದು ಆಕೆ ನಕ್ಕುಬಿಟ್ಟರು.

ಮೇಲೆ ನಿಂತಾಗ ಗಾಳಿ ಕಿವಿಗಡಚಿಕ್ಕುತ್ತಿತ್ತು. ನನಗೆ ನೆನಪಾದವಳು ನಾರಸಿಂಹಿ, ನರಸಿಂಹನ ಶಕ್ತಿ. ರಣರಂಗದಲ್ಲಿ ಅವಳು ಕೇಸರ ಕೊಡವಿದರೆ ಆಕಾಶದ ನಕ್ಷತ್ರಗಳೇ ಚೆದುರಿದವು ಎನ್ನುತ್ತದೆ ದೇವೀಮಾಹಾತ್ಮ್ಯೆ. ಶಿಲ್ಪಿಗಳು ಸಪ್ತಮಾತೃಕೆಯರನ್ನು ಸಾಲಾಗಿ ಕಡೆಯುವಾಗ ಸಾಮಾನ್ಯವಾಗಿ ಅವಳ ಜಾಗದಲ್ಲಿ ಚಾಮುಂಡಿ ಇರುತ್ತಾಳೆ. ಸೋಜಿಗ ನೋಡಿ, ಈ ದುರ್ಗವನ್ನು ಗೆದ್ದು ಹೆಸರು ಉಳಿಸಿಹೋದ ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಮನೆದೇವರೂ ಚಾಮುಂಡಿಯೇ.

ಸಿಂಹಮುಖದ ದೇವಿ ನಮ್ಮವಳು ಮಾತ್ರವಲ್ಲ. ಪ್ರಾಚೀನ ಈಜಿಪ್ಟಿನ ಸೆಖ್ಮೆತ್ ಮನುಷ್ಯಕುಲವನ್ನೇ ಕೊಲ್ಲಹೊರಟಾಗ, ಕೆಂಪು ಬಣ್ಣ ಬೆರೆಸಿದ ಮದ್ಯವನ್ನು ಹೊಲಗಳಲ್ಲಿ ಹರಿಸಿದರಂತೆ. ರಕ್ತವೆಂದು ಕುಡಿದು, ಅಮಲೇರಿ, ಅವಳು ತಣ್ಣಗಾದಳು. ನಮ್ಮ ಸೀಮೆಯ ದಾರಿ ಇನ್ನೂ ಸರಳ. ಸಿಡುಬಿನ ಕಾಲದಲ್ಲಿ "ಅಮ್ಮ ಬಂದವ್ಳೆ" ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಮಾರಮ್ಮನಿಗೆ ಮೊಸರನ್ನದ ಎಡೆಯಿಟ್ಟು, ತಂಬಿಟ್ಟಿನ ಆರತಿ ಬೆಳಗಿ ತಂಪು ಮಾಡುತ್ತಿದ್ದರು. ರೋಗ ಹೋಯಿತು, ಆರತಿ ನಿಂತಿಲ್ಲ.

ಉಗ್ರದೇವತೆಯನ್ನು ಯಾರೂ ಓಡಿಸಲಿಲ್ಲ. ಉಪಚರಿಸಿ ಮನೆಯವಳನ್ನಾಗಿ ಮಾಡಿಕೊಂಡರು. ಇಲ್ಲಿನ ನರಸಿಂಹನಿಗೂ ಆದದ್ದು ಅದೇ.

ಹೋಗುವವರು ಬೆಳಗ್ಗೆಯೇ ಹೊರಡಿ. ಮೊದಲು ಕೆಳಗಿನ ಗುಡಿ, ಆಮೇಲೆ ಮೆಟ್ಟಿಲು. ತಿಂಡಿಯ ಪೊಟ್ಟಣ ಮಾತ್ರ ಕೈಯಲ್ಲಿ ಹಿಡಿಯಬೇಡಿ. ಬಿಡುವಿದ್ದರೆ ಉತ್ತರಕ್ಕೆ ತಿರುಗಿ, ಮಧುಗಿರಿಯ ದಂಡಿನ ಮಾರಮ್ಮನಿಗೂ ಕೈಮುಗಿದು ಬನ್ನಿ. ಸ್ವಾಮಿಯನ್ನು ನೋಡಿ ಅಮ್ಮನನ್ನು ಬಿಟ್ಟರೆ ಯಾತ್ರೆ ಅರ್ಧವೇ.