ಕುರುಹು ಅಳಿದ ಚಿತ್ರ

ಕಣ್ಣು ಕುರುಹನ್ನು ಅರಸುತ್ತದೆ. ಮನಸ್ಸು ಅದಕ್ಕೊಂದು ಹೆಸರಿಟ್ಟು ಸುಮ್ಮನಾಗುತ್ತದೆ. ಹೆಸರೇ ದೊರೆಯದಿದ್ದರೆ ನೋಟದ ಗತಿಯೇನು?

1896ರಲ್ಲಿ ಮಾಸ್ಕೋದ ಪ್ರದರ್ಶನವೊಂದರಲ್ಲಿ ವಾಸಿಲಿ ಕ್ಯಾಂಡಿನ್‌ಸ್ಕಿ ಎಂಬ ಕಾನೂನು ವಿದ್ವಾಂಸರು ಫ್ರಾನ್ಸಿನ ಮೋನೆ ಬರೆದ ಚಿತ್ರವೊಂದನ್ನು ಕಂಡರು. ಅದು ಹುಲ್ಲುಬಣವೆಯೆಂದು ತಿಳಿದದ್ದು ಪ್ರದರ್ಶನದ ಪಟ್ಟಿಯನ್ನು ಓದಿದ ಮೇಲೆಯೇ. ಗುರುತು ಹತ್ತಲಿಲ್ಲವೆಂಬ ಕಸಿವಿಸಿಯಾಯಿತು. ಆದರೂ ಚಿತ್ರ ಮನಸ್ಸನ್ನು ಬಿಡಲಿಲ್ಲ. ಅದೇ ವರ್ಷ, ಮೂವತ್ತರ ವಯಸ್ಸಿನಲ್ಲಿ, ಒದಗಿಬಂದ ಅಧ್ಯಾಪಕ ಹುದ್ದೆಯನ್ನು ತೊರೆದು ಚಿತ್ರಕಲೆ ಕಲಿಯಲು ಮ್ಯೂನಿಕ್‌ ನಗರಕ್ಕೆ ತೆರಳಿದರು.

ಮುಂದೆ ಅಲ್ಲಿ ಒಂದು ಮುಸ್ಸಂಜೆ ಮನೆಗೆ ಮರಳಿದಾಗ, ಒಳಗಿನಿಂದಲೇ ಬೆಳಗುವಂತಹ ಅಪೂರ್ವ ಚಿತ್ರವೊಂದು ಕಂಡಿತು. ಹತ್ತಿರ ಹೋದರೆ, ಗೋಡೆಗೆ ಅಡ್ಡಲಾಗಿ ಒರಗಿಸಿದ್ದ ತಮ್ಮದೇ ಚಿತ್ರ! ಮರುದಿನದ ಹಗಲಿನಲ್ಲಿ ಆ ಬೆಳಗು ಮರಳಲಿಲ್ಲ. ಅಡ್ಡಲಿಟ್ಟು ನೋಡಿದರೂ ಕಣ್ಣು ವಸ್ತುಗಳನ್ನು ಗುರುತಿಸಿಬಿಡುತ್ತಿತ್ತು. ತಮ್ಮ ಚಿತ್ರಕ್ಕೆ ವಸ್ತುವೇ ತೊಡಕೆಂದು ಅವರು ಅರಿತರು.

ಆದರೆ ವಸ್ತುವನ್ನು ಕಳೆದರೆ ಉಳಿಯುವುದೇನು? ಬರಿಯ ಅಲಂಕಾರವಾದೀತೆಂಬ ಭಯ ಅವರನ್ನು ವರ್ಷಗಟ್ಟಲೆ ಕಾಡಿತು. ರೂಪವು ಅಂತರಂಗದ ಅಗತ್ಯದಿಂದಲೇ ಹುಟ್ಟಬೇಕೆಂದು 1911ರ ಕೊನೆಯಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಅವರ ಅಮೂರ್ತ ಕಲೆ ನಿಂತದ್ದು ಈ ನಂಬುಗೆಯ ಮೇಲೆ.

ಅಂತಹ ಚಿತ್ರದ ಮುಂದೆ ‘ಇದೇನು?’ ಎಂದು ಕೇಳುವವರು ಬರಿಗೈಯಲ್ಲಿ ಮರಳುತ್ತಾರೆ. ಆ ಬಣ್ಣ ತಮ್ಮೊಳಗೆ ಏನನ್ನು ಕದಲಿಸಿತೆಂದು ಕೇಳಿಕೊಂಡವರಿಗೆ ಚಿತ್ರ ತಾನೇ ತೆರೆದುಕೊಳ್ಳುತ್ತದೆ.