ಮಂಜಿ ನೋಡಲು ಅಮಾವಾಸ್ಯೆ

ಎಪ್ಪತ್ತರ ದಶಕದ ಮುಂಬಯಿಯಲ್ಲಿ ಹಳೆಯ ಮಂಜಿ ಕೊಳ್ಳುವವರು ಅಮಾವಾಸ್ಯೆಗೋ ಹುಣ್ಣಿಮೆಗೋ ಕಾಯುತ್ತಿದ್ದರು. ಶಕುನದ ಮಾತಲ್ಲ. ಆ ತಿಥಿಗಳಲ್ಲಿ ಇಲ್ಲಿ ಭರತ ನಡುಹಗಲಿಗೆ, ಇಳಿತ ಬೆಳಗಿನ ಆರರ ಆಸುಪಾಸಿಗೆ. ನೀರು ಪೂರಾ ಇಳಿದು ಮಂಜಿಯ ಹೊಟ್ಟೆ ಕೆಸರಿನ ಮೇಲೆ ಕಾಣುವುದು ಆಗಲೇ. ಘಾಟ್ಕೋಪರಿನ ಪಂತನಗರದಲ್ಲಿದ್ದ ನಮ್ಮ ದೊಡ್ಡಪ್ಪ ಗಂಗೊಳ್ಳಿಯವರು. ಖಲಾಸಿಯಾಗಿ ಸೇರಿ, ಹಡಗು ನಡೆಸುವ ತಂಡೇಲರಾದವರು. ಊರಲ್ಲಿ ಯಾರಿಗಾದರೂ ಮೊದಲ ಮಂಜಿ ಬೇಕೆನಿಸಿದರೆ ಕಾಗದ ಅವರಿಗೇ ಬರುತ್ತಿತ್ತು. ಮೊದಲ ಲೋಕಲ್ ಹಿಡಿದು, ಕುರ್ಲಾದಲ್ಲಿ ಹಾರ್ಬರ್ ಗಾಡಿ ಬದಲಿಸಿ, ರೇ ರೋಡಿನಲ್ಲಿ ಇಳಿದು, ಹಳೆಯ ಹಡಗುಗಳು ನಿಲ್ಲುವ ದಾರೂಖಾನದ ಕಡೆ ನಡೆಯುವುದು. ಟಾರ್ಚು, ಸುತ್ತಿಗೆ, ಚೂರಿ ಇದ್ದ ಚೀಲ ನನ್ನ ಹೆಗಲಿಗೆ.

ಮಂಜಿ ಎಂದರೆ ಸರಕಿನ ಹಾಯಿಹಡಗು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮುಂಬಯಿಯ ಎಷ್ಟೋ ಚಾಳುಗಳ ಮಾಡಿಗೆ ಹೊದಿಸಿದ ಹಂಚು ಬಂದದ್ದು ಇಂಥ ಹಡಗುಗಳಲ್ಲೇ.

ದೊಡ್ಡಪ್ಪ ಮೊದಲು ಹಡಗನ್ನು ಮುಟ್ಟುತ್ತಲೇ ಇರಲಿಲ್ಲ. ಮಾರುವವನ ಎದುರು ಬೀಡಿ ಹಚ್ಚಿ ಕೇಳುವ ಮೊದಲ ಪ್ರಶ್ನೆ, "ಬಾರಿಶ್ ಮೇ ಕಿಧರ್ ರಖಾ ಥಾ?" ಮಳೆಯಲ್ಲಿ ಎಲ್ಲಿಟ್ಟಿದ್ದೆ ಎಂದು. ಮಳೆಗಾಲದಲ್ಲಿ ಮಂಜಿಗಳು ಕಡಲಿಗಿಳಿಯುವುದಿಲ್ಲವಷ್ಟೆ. ಹೊಳೆಯೊಳಗೆ, ನೆರೆನೀರು ಬರುವಲ್ಲಿ ಕಟ್ಟಿದ್ದರೆ ಮರ ಕೊರೆಯುವ ಹುಳು ಸಿಹಿನೀರಿಗೆ ಸತ್ತಿರುತ್ತದೆ. ಉಪ್ಪುನೀರಿನಲ್ಲೇ ತೇಲುತ್ತ ಬಿಟ್ಟಿದ್ದರೆ ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯೇ ಟೊಳ್ಳು. ಅದಕ್ಕೇ ತಳಕ್ಕೆ ಹೊಸದಾಗಿ ಸುಣ್ಣ ಮತ್ತು ಕೊಬ್ಬಿನ ಲೇಪ ಬಳಿದು ತಂದವನ ಮೇಲೆ ಅವರಿಗೆ ಗುಮಾನಿ ಜಾಸ್ತಿ. ಚೂರಿಯಿಂದ ಲೇಪ ಕೆರೆದು, ಹಲಸಿನ ಹಣ್ಣು ತಟ್ಟುವ ಹಾಗೆ ಸುತ್ತಿಗೆಯಿಂದ ತಟ್ಟುತ್ತ ಹೋಗುವರು. ಗಟ್ಟಿ ಹೆಬ್ಬಲಸು ಠಣ್ ಎನ್ನುತ್ತದೆ. ದಪ್ ಎಂದಲ್ಲಿ ಇದ್ದಿಲಿನಿಂದ ಒಂದು ಗೀಟು.

ಆಮೇಲೆ ಒಳಗಿಳಿದು ತಳದಲ್ಲಿ ನಿಂತ ನೀರಿಗೆ ಬೆರಳದ್ದಿ ನಾಲಿಗೆಗೆ ಇಡುವರು. ನನಗೆ ವಾಕರಿಕೆ ಬರುತ್ತಿತ್ತು. ಉಪ್ಪಾಗಿದ್ದರೆ ಸಂದಿನಿಂದ ಸೋರಿಕೆ. ಹತ್ತಿ ತುರುಕಿ ಎಣ್ಣೆ ಮೆತ್ತಿದರೆ ನಿಲ್ಲುತ್ತದೆ. ಸಪ್ಪೆಯಾಗಿದ್ದರೆ ಅವರ ಮುಖ ಬಿಗಿಯುತ್ತಿತ್ತು. "ಮಳಿನೀರ್ ಒಳ್ಗ್ ನಿಂತ್ರೆ ಮರ ಕುಂಬ್ ಆತ್ ಮಾರಾಯ" ಎನ್ನುವರು. ಹೊರಗೆ ಹುಳು ಕೊಲ್ಲುವ ಸಿಹಿನೀರೇ ಒಳಗೆ ಮರವನ್ನು ಕೊಳೆಸುತ್ತದೆ ಎಂಬುದು ನನ್ನ ತಲೆಗೆ ಹತ್ತಲು ಸಮಯ ಹಿಡಿಯಿತು.

ಕೂವೆಮರದ ಬುಡ, ಚುಕ್ಕಾಣಿಯ ಕೀಲು, ಮೊಳೆಯ ತಲೆಯಿಂದ ಇಳಿದ ತುಕ್ಕಿನ ಗೆರೆ ಇವೆಲ್ಲ ಬೇಗ ಮುಗಿಯುತ್ತಿದ್ದವು. ಕೊನೆಗೆ ಕಾಗದಪತ್ರ. 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯಂತೆ ಹಾಯಿಹಡಗಿಗೂ ನೋಂದಣಿ ಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಖಲಾಸಿಗಳ ಸಂಬಳ ಚುಕ್ತಾ ಆಗಿದೆಯೇ ಎಂದು ಧಕ್ಕೆಯ ಚಹಾದಂಗಡಿಯಲ್ಲಿ ವಿಚಾರಿಸುವರು. ನಾವಿಕರ ಬಾಕಿ ಸಂಬಳ ಮಾಲೀಕ ಬದಲಾದರೂ ಹಡಗಿನ ಬೆನ್ನು ಬಿಡುವುದಿಲ್ಲ; 2017ರ ಅಡ್ಮಿರಾಲ್ಟಿ ಕಾಯ್ದೆಯೂ ಅದನ್ನೇ ಮೊದಲ ಹಕ್ಕೆಂದು ಹೇಳುತ್ತದೆ.

ಎಂಜಿನ್ ಬಂದ ಮೇಲೆ ಪರೀಕ್ಷೆಯ ಈ ಸರದಿ ತಲೆಕೆಳಗಾಯಿತು. ಹಳೆಯ ಹಡಗಿನ ಹಿಂಬದಿ ಕೊರೆದು ಡೀಸೆಲ್ ಎಂಜಿನ್ ಕೂರಿಸಿದರು; ಅದರ ನಡುಕಕ್ಕೆ ಸಂದುಗಳು ಸಡಿಲವಾದವು. ಕೊಳ್ಳುವವರು ಮಾತ್ರ ಎಂಜಿನ್ನಿನ ಸದ್ದು ಕೇಳಿ ವ್ಯಾಪಾರ ಕುದುರಿಸತೊಡಗಿದರು. ಇತ್ತ ತಾರಸಿ ಮನೆಗಳು ಎದ್ದವು, ಹಂಚು ಲಾರಿ ಹತ್ತಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ಕಸಿದುಕೊಳ್ಳಲು ಮಂಜಿಗಳ ಬಳಿ ಹೆಚ್ಚೇನೂ ಉಳಿದಿರಲಿಲ್ಲ. ದಾರೂಖಾನದಲ್ಲಿ ಕೊನೆಗೆ ಹಳೆಯ ಮಂಜಿ ನೋಡಲು ಬರುತ್ತಿದ್ದವರು ಪೀಠೋಪಕರಣದವರು. ಅವರಿಗೂ ಸುತ್ತಿಗೆ ಬೇಕಿತ್ತು, ಮೊಳೆ ಕೀಳಲು.

ಈಚೆಗೆ ನಮ್ಮ ಸೊಸೈಟಿಯ ಹುಡುಗಿಯೊಬ್ಬಳಿಗೆ ಮೋಜಿಗೆಂದು ಸೆಕೆಂಡ್‌ಹ್ಯಾಂಡ್ ಹಾಯಿದೋಣಿ ಕೊಳ್ಳುವ ಆಸೆ. "ಅಂಕಲ್, ಬನ್ನಿ" ಎಂದು ಕರೆದೊಯ್ದಳು. ಫೈಬರ್ ಗ್ಲಾಸಿನದು, ಹುಳುವಿನ ಭಯವಿಲ್ಲ. ಆದರೆ ತಟ್ಟಿದರೆ ಇದೂ ಮಾತಾಡುತ್ತದೆ: ಪದರ ಬಿಟ್ಟಲ್ಲಿ ಅದೇ ದಪ್. ತಳದಲ್ಲಿ ನೀರು ಕುಡಿದ ಗುಳ್ಳೆ, ಅಟ್ಟದ ಮೇಲೆ ಕಾಲಿಟ್ಟರೆ ತಗ್ಗುವ ಜಾಗ, ಅಲ್ಯುಮಿನಿಯಂ ಕೂವೆಗೆ ಸ್ಟೀಲ್ ತಿರುಪು ಕೂತಲ್ಲಿ ಬಿಳಿ ಪುಡಿ ಇವನ್ನು ತೋರಿಸಿದೆ. ತಂತಿಹಗ್ಗದ ಮೇಲೆ ಹತ್ತಿಬಟ್ಟೆ ಎಳೆದರೆ ಕಡಿದ ಎಳೆ ಸಿಕ್ಕಿಕೊಳ್ಳುತ್ತದೆ. ಹಾಯಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಬೇಕು, ಬಿಸಿಲಿಗೆ ಬಟ್ಟೆಗಿಂತ ಮೊದಲು ನೂಲು ಸಾಯುತ್ತದೆ. ಹಾಯಿ ಚೆನ್ನಾಗಿತ್ತು, ಬೆಲೆಯೂ ಹೊಂದುವಂತಿತ್ತು.

ಸಿಕ್ಕಿಬಿದ್ದದ್ದು ಮಳೆಗಾಲದ ಪ್ರಶ್ನೆಯಲ್ಲಿ. ನಾಲ್ಕು ತಿಂಗಳು ದೋಣಿಯನ್ನು ದಡಕ್ಕೆಳೆದು ಇಡುವುದೆಲ್ಲಿ? ನಮ್ಮ ಸೊಸೈಟಿಯಲ್ಲಿ ಸ್ಕೂಟರಿಗೇ ಜಗಳ. ಬೆನ್ನಿಗಿರುವ ಠಾಣೆ ಖಾಡಿ 2022ರಿಂದ ರಾಮ್ಸರ್ ತಾಣ, ಫ್ಲೆಮಿಂಗೊಗಳ ಪಾಲಿನದು. ಅವಳು ಯಾರ್ಡಿನ ಬಾಡಿಗೆ ವಿಚಾರಿಸುತ್ತಿದ್ದಾಳೆ.